ಬೈಲಪ್ಪನ ಶೆಡ್ಡಿನಾಚೆ

ಶಿವಾಜಿನಗರದ ಶಾಲೆಯಿಂದ ನಿವೃತ್ತಳಾದ ವರ್ಷವೇ ಜಹನಾರಾ ತನ್ನ ಗಂಡ ಕಲೀಮುಲ್ಲಾನ ಜೊತೆ ದೊಡ್ಡನೆಕ್ಕುಂದಿಗೆ ಬಂದು ನೆಲೆಸಿದಳು. ಇಸವಿ ಎರಡು ಸಾವಿರದ ಮೂರು. ಮನೆ ಚೆನ್ನಾಗಿತ್ತು, ಆದರೆ ಹಿತ್ತಿಲಿಗೆ ಅಂಟಿಕೊಂಡೇ ರಾಜಕಾಲುವೆ. ಒಂದು ಕಾಲಕ್ಕೆ ಕೆರೆಗೆ ಮಳೆನೀರು ಒಯ್ಯುತ್ತಿದ್ದ ಆ ಕಾಲುವೆಯಲ್ಲಿ ಈಗ ಬಡಾವಣೆಯ ಕೊಳಚೆಯೆಲ್ಲ ಹರಿಯುತ್ತಿತ್ತು. ದಂಡೆಯ ತುಂಬ ಮುಳ್ಳು, ಪಾರ್ಥೇನಿಯಂ, ಯಾರೋ ಸುರಿದು ಹೋದ ಒಡೆದ ಇಟ್ಟಿಗೆ.

ಜಹನಾರಾಳ ಸಕ್ಕರೆ ಕಾಯಿಲೆಗೆ ದಿನಾ ನಡೆಯಬೇಕೆಂದು ಡಾಕ್ಟರು ಹೇಳಿದ್ದರು. ಮುಖ್ಯರಸ್ತೆಯಲ್ಲಿ ನಡೆಯಹೋದರೆ ಕಾರ್ಖಾನೆ ಲಾರಿಗಳ ಕಾಟ. ಒಂದು ಬೆಳಿಗ್ಗೆ ಲಾರಿಯೊಂದು ಅವಳ ದುಪಟ್ಟಾ ಸವರಿಕೊಂಡೇ ಹೋಯಿತು. ಮನೆಗೆ ಬಂದವಳೇ ಕುಡುಗೋಲು ಹಿಡಿದು ಹಿತ್ತಿಲ ಬಾಗಿಲು ತೆಗೆದಳು.

ದಂಡೆಯ ಮೇಲೆ ಹಸು ಮೇಯಿಸುತ್ತಿದ್ದ ನೆರೆಮನೆಯ ಬಾಲಮ್ಮ ಸ್ವಲ್ಪ ಹೊತ್ತು ನೋಡಿದಳು. ಊರಿನ ಹಳೇ ಒಕ್ಕಲು ಮನೆತನದ ಹಿರೀ ಸೊಸೆ ಅವಳು.

"ಏನ್ ಟೀಚರಮ್ಮ, ಏನಾದ್ರೂ ಕಳ್ಕೊಂಡ್ರಾ?"

"ದಾರಿ ಮಾಡ್ತಿದೀನಿ ಬಾಲಮ್ಮ. ನಡ್ಯೋಕೆ."

"ಇಲ್ಲೇನಾ? ಈ ವಾಸನೇಲಾ?"

"ಮೊದ್ಲು ಮೂಗು ಮುಚ್ಕೊಂಡ್ ನಡೀತೀನಿ. ಆಮೇಲೆ ನೋಡೋಣ."

ಬಾಲಮ್ಮನಿಗೆ ನಗು ತಡೆಯಲಾಗಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ತಾನೂ ಮುಳ್ಳು ಸವರತೊಡಗಿದಳು.

ಮಳೆಗಾಲಕ್ಕೆ ಇಬ್ಬರೂ ಹೊಂಗೆ, ನೇರಳೆ ಸಸಿ ನೆಟ್ಟರು. ಬಾಲಮ್ಮನ ಹಸು ನೇರಳೆಯನ್ನು ಬುಡಸಮೇತ ತಿಂದಿತು. "ನಿಮ್ಮ ಗೌರಿ ನನ್ನ ಗಿಡ ತಿಂದ್ಬಿಟ್ಲು!" ಎಂದು ಜಹನಾರಾ ಕೂಗಾಡಿದಳು. "ಅವಳೇನ್ ಟೀಚರಾ, ಓದ್ಕೊಂಡ್ ತಿನ್ನೋಕೆ?" ಎಂದು ಬಾಲಮ್ಮನೂ ಮುಖ ಊದಿಸಿಕೊಂಡಳು. ಮಾತು ಬಿಟ್ಟರು. ಆದರೆ ವಾರ ಕಳೆಯುವಷ್ಟರಲ್ಲಿ ಬಾಲಮ್ಮ ಹೊಸ ಸಸಿಯ ಜೊತೆ ಅದರ ಸುತ್ತ ಕಟ್ಟಲು ಮುಳ್ಳಿನ ಬೇಲಿಯನ್ನೂ ಹೊತ್ತು ತಂದಳು.

ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಸೇರಿಕೊಂಡರು. ಕೊಳಚೆಗೆ ಬೇರೆ ಪೈಪು ಹಾಕಿಸಬೇಕೆಂದು ಎಲ್ಲರೂ ನಗರಸಭೆ ಆಫೀಸಿಗೆ ಅಲೆದರು. ಇಂಜಿನಿಯರ್ ಪ್ರತಿಸಲವೂ "ಮುಂದಿನ ವಾರ ನೋಡೋಣಮ್ಮ" ಎನ್ನುತ್ತಿದ್ದ. ಕೊನೆಗೆ ಜಹನಾರಾ ಅವನನ್ನು ಮರ್ಯಾದೆಯಿಂದ ಚಹಾಕ್ಕೆ ಕರೆದು, ಕುರ್ಚಿಯನ್ನು ಕಾಲುವೆಯ ಅಂಚಿನಲ್ಲೇ ಹಾಕಿಸಿದಳು. ಅವನು ಒಂದು ಕೈಯಲ್ಲಿ ಕರ್ಚೀಫು, ಇನ್ನೊಂದರಲ್ಲಿ ಲೋಟ ಹಿಡಿದು ಕೂತ. ಬೇಗನೆ ಕೆಲಸ ಶುರುವಾಯಿತು. ಕೆಲಸ ಮುಗಿಯಲು ಎರಡು ಮಳೆಗಾಲ ಹಿಡಿಯಿತು. ನೀರು ಪೂರ್ತಿ ತಿಳಿಯಾಗಲಿಲ್ಲ ನಿಜ, ಆದರೆ ಮೂಗು ಮುಚ್ಚಿಕೊಳ್ಳುವ ಅಗತ್ಯ ತಪ್ಪಿತು.

ಈಗ ಉಳಿದದ್ದು ಬೈಲಪ್ಪನ ಶೆಡ್. ಬೈಲಪ್ಪ ಬಾಲಮ್ಮನ ತೀರಿಹೋದ ಗಂಡನ ತಮ್ಮ. ಜಮೀನು ಪಾಲಾದಾಗಿನಿಂದ ಅತ್ತಿಗೆ ಮೈದುನರ ನಡುವೆ ಮಾತಿರಲಿಲ್ಲ. ಅವನು ಟೆಂಪೋ ನಿಲ್ಲಿಸಲು ತನ್ನ ಮನೆಯ ಪಕ್ಕದಲ್ಲೇ ದಂಡೆಗೆ ಅಡ್ಡಲಾಗಿ ತಗಡಿನ ಶೆಡ್ ಹಾಕಿದ್ದ. ದಾರಿ ಅಲ್ಲಿಗೇ ನಿಲ್ಲುತ್ತಿತ್ತು. ಕೆರೆ ಇದ್ದದ್ದು ಅದರಾಚೆ.

ಹೆಂಗಸರು ದಿನವೂ ಅಲ್ಲಿಯವರೆಗೆ ನಡೆದು, ಅಲ್ಲೇ ನಿಂತು, ಮನೆಯ ಮಾತೆಲ್ಲ ಆಡಿ ಹಿಂತಿರುಗುವರು. ಬೈಲಪ್ಪನಿಗೆ ನೆಮ್ಮದಿಯಾಗಿ ಪೇಪರ್ ಓದಲು ಆಗುತ್ತಿರಲಿಲ್ಲ. ಒಂದು ದಿನ ರೇಗಿ ಹೊರಬಂದ.

"ದಿನಾ ಇಲ್ಯಾಕ್ರೀ ನಿಂತ್ಕೋತೀರಾ?"

"ಮುಂದೆ ದಾರಿ ಇಲ್ವಲ್ಲ ಬೈಲಪ್ಪನೋರೆ" ಎಂದಳು ಜಹನಾರಾ.

"ಶೆಡ್ ತೆಗ್ಯೋಕಾಗಲ್ಲ."

ಅಷ್ಟರಲ್ಲಿ ಬಾಲಮ್ಮ ಮುಂದೆ ಬಂದಳು. ಎಷ್ಟೋ ವರ್ಷದ ಮೇಲೆ ಅವನ ಮುಖ ನೋಡಿ ಮಾತಾಡಿದಳು. "ಬೈಲಪ್ಪ, ನಾನ್ ಮದ್ವೆಯಾಗಿ ಬಂದಾಗ ನೀನು ಇದೇ ದಂಡೆ ಮೇಲೆ ಚಡ್ಡಿನೂ ಇಲ್ದೆ ಓಡಾಡ್ತಿದ್ದೆ. ನಿನ್ನ ಹಿಡ್ದು ಸ್ನಾನ ಮಾಡ್ಸೋಕೆ ನಾನು ಕೆರೆ ತನಕ ಓಡ್ತಿದ್ದೆ. ಆವಾಗ ಶೆಡ್ ಇತ್ತೇನೋ?"

ಹೆಂಗಸರೆಲ್ಲ ಗೊಳ್ಳೆಂದರು. ಬೈಲಪ್ಪನ ಕಿವಿ ಕೆಂಪಾಯಿತು.

"ಅತ್ತಿಗೆ, ಇಷ್ಟ್ ಜನದ ಮುಂದೆ ಇದನ್ನ ಹೇಳ್ಬೇಕಿತ್ತಾ?"

"ಇನ್ನೂ ಐತೆ. ಹೇಳ್ಲಾ?"

"ಬೇಡ ಬೇಡ!" ಎಂದವನು ತಲೆ ತಗ್ಗಿಸಿ ನಕ್ಕುಬಿಟ್ಟ. ಆಮೇಲೆ ಮೆಲ್ಲಗೆ, "ಒಳಗ್ ಬನ್ನಿ ಅತ್ತಿಗೆ. ಕಾಫಿ ಕುಡೀರಿ" ಎಂದ. ಬಾಲಮ್ಮನ ಕಣ್ಣು ಒದ್ದೆಯಾಯಿತು. ಒಬ್ಬಳೇ ಹೋಗದೆ ಜಹನಾರಾಳ ಕೈ ಹಿಡಿದೆಳೆದುಕೊಂಡೇ ಹೊಸ್ತಿಲು ದಾಟಿದಳು.

ದಸರಾ ಹೊತ್ತಿಗೆ ಬೈಲಪ್ಪ ಶೆಡ್ ಬಿಚ್ಚಿಸಿದ. ಸಂಜೆ ಇಡೀ ಬೀದಿ ಕೆರೆಯವರೆಗೆ ನಡೆದುಹೋಯಿತು. ಅಷ್ಟು ದೂರ ನಡೆಯಲೊಲ್ಲದ ಕಲೀಮುಲ್ಲಾ ಕೂಡ ಕಡಲೆಕಾಯಿ ಪೊಟ್ಟಣ ಹಿಡಿದು ಹಿಂದೆ ಹಿಂದೆಯೇ ಬಂದ.

ಮರುತಿಂಗಳು ಟ್ರ್ಯಾಕ್ಟರೊಂದು ಕಟ್ಟಡದ ಕಸ ಸುರಿಯಲು ದಂಡೆಗೆ ಬಂತು. ಬೈಲಪ್ಪ ಲುಂಗಿ ಎತ್ತಿ ಕಟ್ಟಿ ಅದರ ಮುಂದೆ ನಿಂತ.

"ಸೈಡ್ ಬಿಡು ಗುರು. ಇದೇನ್ ನಿಮ್ಮಪ್ಪನ ಜಾಗಾನಾ?" ಎಂದ ಡ್ರೈವರ್.

"ಅಲ್ಲ ಕಣಪ್ಪ. ನಮ್ಮಪ್ಪಂದಾಗಿದ್ರೆ ಸುರ್ಕೋ ಅಂತ ಬಿಟ್ಬಿಡ್ತಿದ್ದೆ. ಇದು ಎಲ್ರದ್ದೂ" ಎಂದು ಬೈಲಪ್ಪ ಗಾಡಿಯ ಹಿಂಭಾಗಕ್ಕೆ ಹೋಗಿ, ಗಿಡ ತುಳಿಯದಂತೆ "ಲೆಫ್ಟು, ಲೆಫ್ಟು, ಇನ್ನೊಂಚೂರು" ಎನ್ನುತ್ತ ಟ್ರ್ಯಾಕ್ಟರನ್ನು ರಸ್ತೆಯವರೆಗೂ ರಿವರ್ಸ್ ತೆಗೆಸಿದ.