ಸಾವಕ್ಕ ನೋಡಿದ ಫೈನಲ್

ಸಿದ್ದರಾಮ ಯರಗುಪ್ಪಿಗೆ ಬಂದು ವಾರದ ಮೇಲಾಗಿತ್ತು. ಊರಲ್ಲಿ ರಜೆಯೇನೆಂದು ಯಾರು ಕೇಳಿದರೂ ‘ಸೂಟಿ ಮ್ಯಾಲ ಬಂದೇನ್ರಿ’ ಎನ್ನುತ್ತಿದ್ದ. ಅಕ್ಕ ಸಾವಕ್ಕನಿಗೂ ಹಾಗೇ ಹೇಳಿದ್ದ. ಅವಳ ಗಂಡ ಕುರಿ ಹೊಡೆದುಕೊಂಡು ಪರ ಊರಿಗೆ ಹೋಗಿದ್ದ. ತಮ್ಮ ಭೂತಾನದಲ್ಲಿ ಫುಟ್‌ಬಾಲ್ ಕಲಿಸುತ್ತಾನೆ, ಅಲ್ಲಿ ವಿಪರೀತ ಥಂಡಿ, ಅವನು ಬಾಜು ನಿಂತು ಒದರಿದರೆ ಹುಡುಗರು ಓಡುತ್ತಾರೆ ಎಂಬುದಷ್ಟೇ ಅವಳಿಗೆ ಗೊತ್ತಿದ್ದದ್ದು.

ಕುರಿ ಸಾಕುವ ಮನೆತನದಲ್ಲಿ ಚೆಂಡು ಮುಟ್ಟಿದವನು ಇವನೊಬ್ಬನೇ. ಹೈಸ್ಕೂಲಿನಲ್ಲಿ ಇವನ ಎತ್ತರ ನೋಡಿ ಆಟದ ಮಾಸ್ತರರು ಕ್ರೀಡಾ ಹಾಸ್ಟೆಲಿಗೆ ಕಳಿಸಿದರು. ಅಲ್ಲಿ ಗೋಲಿನ ಮುಂದೆ ನಿಲ್ಲಿಸಿದರು. ನಿಂತವನು ಗೋವಾದ ಕ್ಲಬ್ಬಿನವರೆಗೂ ಹೋದ, ಪತ್ರಿಕೆಯಲ್ಲಿ ಫೋಟೋ ಬಂತು. ಹೆಸರು ಬರುತ್ತಿದ್ದ ಹೊತ್ತಿಗೆ, ಕೆಸರಾದ ಮೈದಾನದಲ್ಲಿ ಆಡಿದ ಒಂದು ಮ್ಯಾಚಿನಲ್ಲಿ ಭುಜ ಕಳಚಿತು. ಆಪರೇಷನ್ ಆದರೂ ಆ ಕೈ ಕಿವಿಗಿಂತ ಮೇಲೆ ಏಳಲಿಲ್ಲ. ಗೋಲ್‌ಕೀಪರನಿಗೆ ಕೈಯೇ ಏಳದಿದ್ದರೆ ಇನ್ನೇನು? ಕೋಚಿಂಗ್ ಪರೀಕ್ಷೆ ಕಟ್ಟಿ ಪಾಸಾದ. ಇಲ್ಲಿ ಯಾರೂ ಕರೆಯಲಿಲ್ಲ. ಭೂತಾನದ ಥಿಂಫುವಿನ ಸಣ್ಣ ಕ್ಲಬ್ಬೊಂದು ಕರೆಯಿತು, ಹೋದ.

ಹೆಂಡತಿ ಅರುಣಾ ಹುಬ್ಬಳ್ಳಿಯಲ್ಲಿ ನರ್ಸ್. ಕೆಲಸ ಬಿಟ್ಟು ಹೋಗಲು ಅವಳಿಗೆ ಮನಸ್ಸಿರಲಿಲ್ಲ, ಅವನೂ ಒತ್ತಾಯಿಸಲಿಲ್ಲ. ಒಮ್ಮೆ ಅವನು ಬಂದಾಗ ನೀರಿನ ತಂಬಿಗೆ ಕೊಟ್ಟು, ‘ನೀವು ಬಂದ್ರ ಬೀಗರು ಬಂದಂಗ ಆಗ್ತೈತ್ರಿ. ಹೋದ್ರ ಏನೂ ಅನಸೂದಿಲ್ಲ’ ಎಂದಿದ್ದಳು. ಜಗಳವೂ ಇಲ್ಲದೆ ಇಬ್ಬರೂ ಬೇರೆಯಾದರು.

ಥಿಂಫುವಿನಲ್ಲಿ ಹುಡುಗರೊಂದಿಗೆ ದಿನವಿಡೀ ಹಿಂದಿಯೇ. ಕನ್ನಡಕ್ಕೆ ಒಬ್ಬರೂ ಇರಲಿಲ್ಲ. ಸಂಜೆ ಕೋಣೆಗೆ ಬಂದು ಅನ್ನಕ್ಕಿಟ್ಟು, ‘ಕುದಿ ಬಂತೇನ್ಲೇ’ ಎಂದು ಪಾತ್ರೆಯನ್ನೇ ಕೇಳುತ್ತಿದ್ದ. ಕೇಳಿದ್ದು ತನ್ನ ಕಿವಿಗೇ ಬಿದ್ದಾಗ ನಾಚಿಕೆಯಾಗುತ್ತಿತ್ತು.

ಲೀಗ್ ಪಟ್ಟಿಯ ತಳದಲ್ಲಿದ್ದ ತಂಡವನ್ನು ಆತ ವರ್ಷವರ್ಷವೂ ಮೇಲೆತ್ತಿ ಈ ಸಲ ಕಪ್ಪಿನ ಫೈನಲ್ಲಿಗೆ ತಂದ. ಸೆಮಿಫೈನಲ್ ಗೆದ್ದ ಮರುವಾರ ಕ್ಲಬ್ಬಿನ ಅಧ್ಯಕ್ಷರು ಚಹಾಕ್ಕೆ ಕರೆದರು. ಹೊಸ ಪ್ರಾಯೋಜಕರು ಸಿಕ್ಕಿದ್ದಾರೆ, ಅವರಿಗೆ ಯುರೋಪಿನ ಹೆಸರಾಂತ ಕೋಚ್ ಬೇಕಂತೆ, ತಪ್ಪು ತಿಳಿಯಬೇಡಿ ಎಂದರು. ಚಹಾ ಕುಡಿದ. ಹುಡುಗರಿಗೆ ಮುಖ ತೋರಿಸಲಾರದೆ ಮರುದಿನ ಬೆಳಗಿನ ಬಸ್ಸಿಗೆ ಬೆಟ್ಟ ಇಳಿದುಬಿಟ್ಟ.

ಫೈನಲ್ ನಡೆದ ದಿನ ಮಧ್ಯಾಹ್ನ ಮನೆಯೊಳಗೆ ನೆಟ್ ಬರಲಿಲ್ಲ. ಮೊಬೈಲ್ ಹಿಡಿದು ಮಾಳಿಗೆ ಹತ್ತಿದ. ಅಲ್ಲಿ ಸಾವಕ್ಕ ಒಣಗಲು ಹಾಕಿದ ಮೆಣಸಿನಕಾಯಿ ಮಗುಚುತ್ತಿದ್ದಳು. ಅವನು ಗೋಡೆಯ ನೆರಳಿಗೆ ಕೂತ. ಸೀನುತ್ತ ಅವಳೂ ಬಂದು ಪಕ್ಕದಲ್ಲಿ ಕೂತಳು.

‘ನಿನ್ನ ಹುಡುಗ್ರೇನೋ ಇವರು?’

‘ಹೂಂ ಬೇ. ಹಳದಿ ಅಂಗಿಯವ್ರು.’

‘ಅಯ್ಯ, ಎಲ್ಲಾರೂ ಸಣ್ಣ ಸಣ್ಣವ್ರು ಅದಾರಲ್ಲೋ. ಉಣ್ಣಾಕ ಏನ್ ಕೊಡ್ತಾರ?’

ಅವನು ನಕ್ಕ. ಅಷ್ಟರಲ್ಲಿ ಕ್ಯಾಮೆರಾ ಮೈದಾನದ ಅಂಚಿಗೆ ಹೊರಳಿತು. ಉದ್ದ ಕೋಟಿನ ಮನುಷ್ಯನೊಬ್ಬ ಎದೆಯ ಮೇಲೆ ಕೈಕಟ್ಟಿ ನಿಂತಿದ್ದ.

‘ಇಂವ ಯಾರು?’

‘ಕೋಚ್.’

‘ಮತ್ತ ನೀ?’

ಸಿದ್ದರಾಮ ಪರದೆಯಿಂದ ಕಣ್ಣು ತೆಗೆಯಲಿಲ್ಲ. ‘ನನ್ನ ತಗದ್ರು ಅಕ್ಕಾ.’

‘ಯಾವಾಗ?’

‘ಇಲ್ಲಿಗೆ ಬರೂಕಿಂತ ಮುಂಚೆ.’

‘ಏನು ಮಾಡಿದ್ದಿ?’

‘ಏನೂ ಮಾಡಿಲ್ಲ ಬೇ. ಗೆದ್ದಿದ್ದೆ.’

ಸಾವಕ್ಕ ಪರದೆ ಬಿಟ್ಟು ಅವನ ಕಡೆ ತಿರುಗಿದಳು. ‘ಮತ್ತ ಸೂಟಿ ಅಂದಿ?’

‘ಊರ ಮಂದಿ ಏನ್ ಅಂತಾರಂತ...’

‘ನಾ ಊರ ಮಂದಿ ಆದ್ನೇನೋ ನಿನಗ?’

ಅವನು ಮೊಬೈಲನ್ನು ಅವಳ ಕಡೆಗೆ ಸರಿಸಿ ಹಿಡಿದ.

ಮ್ಯಾಚು ಒಂದೊಂದು ಗೋಲಿಗೆ ಸಮವಾಗಿ ನಿಂತಿತ್ತು. ಕೊನೆಯ ಹೊತ್ತಿನಲ್ಲಿ ಎದುರಾಳಿಗಳಿಗೆ ಸಾಲಾಗಿ ಕಾರ್ನರ್ ಕಿಕ್ ಸಿಕ್ಕವು. ಹಳದಿ ಅಂಗಿಯವರು ಗೋಲಿನ ಮುಂದೆ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಆಗ ನಾಯಕ ಸೋನಮ್ ಕೈ ಬೀಸಿ ತನ್ನವರಿಗೆ ಕೂಗಿದ್ದು ಗದ್ದಲದ ನಡುವೆಯೂ ಸ್ಪಷ್ಟವಾಗಿ ಕೇಳಿಸಿತು: ‘ಬಿಡಬ್ಯಾಡ್ಲೇ! ಬಿಡಬ್ಯಾಡ್ಲೇ!’

ಸಾವಕ್ಕ ಬೆಚ್ಚಿ ಬಿದ್ದಳು. ‘ಲೇ ತಮ್ಮಾ, ಆ ಹುಡುಗ ನಮ್ಮ ಮಾತು ಆಡಿದ್ನಲ್ಲೋ!’

‘ಮ್ಯಾಚಿನ್ಯಾಗ ಹಿಂದಿ ಮರತು ನಾ ಒದರೂದು ಕೇಳಿ ಕೇಳಿ ಕಲ್ತಾವ ಅಕ್ಕಾ. ಅರ್ಥ ಗೊತ್ತಿಲ್ಲ ಅವಕ್ಕ.’

ಚೆಂಡು ಕಸಿದುಕೊಂಡು ಎದುರಿಗೆ ಓಡಿದ ಓಟದಲ್ಲೇ ಹಳದಿ ಅಂಗಿಯವರು ಗೋಲು ಹೊಡೆದರು. ಗೆದ್ದರು. ಸಿದ್ದರಾಮ ಎದ್ದು ನಿಂತು ಚಪ್ಪಾಳೆ ತಟ್ಟಿದ. ಕೆಳಗೆ ಓಣಿಯಲ್ಲಿ ಹೋಗುತ್ತಿದ್ದವನೊಬ್ಬ ತಲೆ ಎತ್ತಿ ನೋಡಿ, ಏನೂ ತಿಳಿಯದೆ ಮುಂದೆ ನಡೆದ. ಪರದೆಯಲ್ಲಿ ಹುಡುಗರು ಉದ್ದ ಕೋಟಿನವನನ್ನು ಎತ್ತಿ ಮೇಲಕ್ಕೆ ಹಾರಿಸುತ್ತಿದ್ದರು.

ಸ್ವಲ್ಪ ಹೊತ್ತಿನಲ್ಲಿ ಸೋನಮ್ ಫೋನ್ ಮಾಡಿದ. ಹೇಳದೆ ಕೇಳದೆ ಯಾಕೆ ಹೋದಿರಿ ಸರ್ ಎಂದು ಹಿಂದಿಯಲ್ಲಿ ಕೇಳಿದ. ಸಿದ್ದರಾಮ ಬಾಯಿ ತೆರೆಯುವಷ್ಟರಲ್ಲಿ ಆ ಕಡೆ ಯಾರೋ ಅವನನ್ನು ಫೋಟೋಕ್ಕೆ ಎಳೆದರು, ಫೋನು ಕಟ್ಟಾಯಿತು. ಮತ್ತೆ ಬರಬಹುದೆಂದು ಬಿಸಿಲು ಇಳಿಯುವವರೆಗೂ ಕಾದ. ಬರಲಿಲ್ಲ.

ಸಾವಕ್ಕ ಮೆಣಸಿನಕಾಯಿಯನ್ನು ಗುಡ್ಡೆ ಮಾಡಿ ತಾಡಪತ್ರಿ ಮುಚ್ಚಿದಳು. ‘ಹ್ವಾದ ವರ್ಷ ನಿಮ್ಮ ಮಾವ ಕುರಿ ಹೊಡಕೊಂಡು ಹ್ವಾದಾಗ ರೋಗ ಬಂದು ಅರ್ಧ ಹಿಂಡು ಸತ್ತುವು. ಫೋನ್ ಮಾಡಿದಾಗೆಲ್ಲ ಆರಾಮ ಅದಾವು ಅಂತಿದ್ದ. ಮನಿಗೆ ಬಂದ ಮ್ಯಾಲ ಹೇಳಿದ. ಹೊಲದಾಗ ಒಬ್ಬನ ಕುಂತು ಅಳತಿದ್ನಂತ. ನನ್ನ ಮುಂದ ಅತ್ತಿದ್ರ ನಾ ಏನ್ ಹೊಡೀತಿದ್ನೇನು?’ ಸೆರಗಿನಿಂದ ಕೈ ಒರೆಸಿಕೊಂಡಳು. ‘ಇಳಿ ಕೆಳಗ. ಮುಂಜಾನಿಂದ ಉಂಡಿಲ್ಲ ನೀ.’

ಕಡಲೆ ಕೀಳುವ ಹೊತ್ತಿಗೆ ಒಮಾನಿನಿಂದ ಕರೆ ಬಂತು. ಸಮುದ್ರದ ದಂಡೆಯ ಒಂದೂರಿನ ಕ್ಲಬ್ಬು. ಈ ಸಲ ಮೊದಲು ಅಕ್ಕನಿಗೇ ಹೇಳಿದ.

‘ದೊಡ್ಡ ಕ್ಲಬ್ಬೇನು?’

‘ಇಲ್ಲ ಬೇ. ಎಲ್ಲಾರ್ಕಿಂತ ಕೆಳಗ ಐತಿ.’

‘ಇಲ್ಲೇ ಇರಾಕ ಆಗೂದಿಲ್ಲೇನು?’

ಅವನು ನಿಜವನ್ನೇ ಹೇಳಿದ: ‘ಇಲ್ಲಿ ನಾ ಏನೂ ಅಲ್ಲ ಅಕ್ಕಾ.’

ಅವಳು ವಾದ ಮಾಡಲಿಲ್ಲ. ಗುಡಗೇರಿ ಸ್ಟೇಷನ್ನಿನವರೆಗೆ ಬಂದು ರೈಲು ಹತ್ತಿಸಿದಳು.

ಈಗ ಅವನು ದಿನವೂ ಪ್ರ್ಯಾಕ್ಟೀಸು ಮುಗಿಸಿ ಅಕ್ಕನಿಗೆ ಫೋನ್ ಮಾಡುತ್ತಾನೆ. ಮ್ಯಾಚಿದ್ದ ದಿನ ‘ಸೋತೇವಿ’ ಎನ್ನುತ್ತಾನೆ, ಹೆಚ್ಚಾಗಿ ಅದೇ. ‘ಹೌದೇನು’ ಎನ್ನುತ್ತಾಳೆ ಅವಳು. ಆಮೇಲೆ ಇಬ್ಬರಿಗೂ ಮಾತು ಉಳಿಯುವುದಿಲ್ಲ. ಸಾವಕ್ಕ ಫೋನು ಕಟ್ ಮಾಡದೆ ಒಲೆಯ ಬದಿಗಿಟ್ಟು ರೊಟ್ಟಿ ಬಡಿಯಲು ಕೂರುತ್ತಾಳೆ. ಸಿದ್ದರಾಮ ಬೂಟನ್ನೂ ಬಿಚ್ಚದೆ ಮಂಚದ ಮೇಲೆ ಕೂತು, ಅವಳು ಕೊನೆಯ ರೊಟ್ಟಿ ಬೇಯಿಸಿ ಏಳುವವರೆಗೂ ಆ ಸಪ್ಪಳ ಕೇಳುತ್ತಾನೆ.