ಯಾರದೂ ಅಲ್ಲದ ನಾಯಿ

ಕೋಳಿಗೆ ಬಸ್ಸಿನಲ್ಲಿ ಜಾಗವಿದೆ, ನಾಯಿಗಿಲ್ಲ. ದೇವದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಆ ಕಂಡಕ್ಟರ್ ನಮಗೆ ಹೇಳಿದ ನ್ಯಾಯ ಇದು. ಮುಂದಿನ ಸೀಟಿನ ಕೆಳಗೆ ಬುಟ್ಟಿಯೊಳಗೆ ಹುಂಜಗಳು ಒದ್ದಾಡುತ್ತಿದ್ದವು. ಟಾಪಿನ ಮೇಲೆ ಯಾರದೋ ಹೋತ ಕಟ್ಟಿತ್ತು. ಹಿಂದಿನ ಸೀಟಿನಲ್ಲಿ ಒಬ್ಬ ಗಂಡಸು ಮುಂಜಾನೆಯೇ ಕುಡಿದು ಅಂಗಿಯ ಮೇಲೆಲ್ಲ ಕಾರಿಕೊಂಡು ಬಿದ್ದಿದ್ದ. ಅವರೆಲ್ಲ ಪ್ರಯಾಣಿಕರು. ನಮ್ಮ ಕೆಂಚ ಮಾತ್ರ, ಅವ್ವನ ಕಾಲಿಗೆ ಮೈ ತಾಗಿಸಿಕೊಂಡು ತನ್ನ ಪಾಡಿಗೆ ನಿಂತಿದ್ದವನು, ಬಸ್ಸಿನ ಮರ್ಯಾದೆ ಕಳೆಯುವವನಾಗಿಬಿಟ್ಟ. ನಾನು ಜಗಳಕ್ಕೆ ನಿಂತೆ. ಕಂಡಕ್ಟರ್ ನನ್ನ ಮುಖವನ್ನೂ ನೋಡದೆ ಸೀಟಿ ಊದಿದ.

ಅದು ೧೯೭೮ರ ಮೇ ತಿಂಗಳು. ರಾಯಚೂರಿನ ಒಂದು ಪ್ರಾಥಮಿಕ ಶಾಲೆಯಲ್ಲಿ ನನಗೆ ನೌಕರಿ ಸಿಕ್ಕಿತ್ತು. ಅಪ್ಪ ಹೋಗಿ ವರ್ಷವಾಗಿತ್ತು, ಕುರಿ ಹಿಂಡು ಚಿಕ್ಕಪ್ಪನ ಪಾಲಾಗಿತ್ತು, ಅವ್ವನಿಗೆ ಉಳಿದದ್ದು ನಾನು ಮತ್ತು ಹಿಂಡು ಕಾಯುತ್ತಿದ್ದ ಈ ನಾಯಿ. ಮದುವೆಯಾಗದ ಹೆಣ್ಣು ಒಬ್ಬಳಿಗೇ ಆ ಊರಿನಲ್ಲಿ ಯಾರೂ ಮನೆ ಬಾಡಿಗೆಗೆ ಕೊಡುತ್ತಿರಲಿಲ್ಲ, ಆದ್ದರಿಂದ ಅವ್ವ ನನ್ನ ಜೊತೆ ಇರಲೇಬೇಕು. ಅವ್ವನದು ಒಂದೇ ಮಾತು.

"ಕೆಂಚ ಬಂದ್ರ ನಾ ಬರ್ತೀನಿ, ಬಾಲವ್ವ. ಅದು ಇರಲಾರದ ಊರಾಗ ನನಗೇನ್ ಕೆಲಸ ಅದ?"

ಹೀಗಾಗಿ ಕೆಂಚ ರಾಯಚೂರಿನಲ್ಲಿ ಬಾಳಿದರೆ ನನ್ನ ನೌಕರಿ ಉಂಟು, ಇಲ್ಲದಿದ್ದರೆ ನಾನು ಓದಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಒಂದು ನಾಯಿಯ ಮೇಲೆ ಇಷ್ಟೆಲ್ಲ ನಿಂತಿದೆ ಎಂದು ಆ ಕಂಡಕ್ಟರಿಗೆ ಯಾರು ತಿಳಿಸಿ ಹೇಳಬೇಕು?

ನಮ್ಮ ಜಗಳ ನೋಡುತ್ತ ಹೋಟೆಲಿನ ಮುಂದೆ ಚಹಾ ಕುಡಿಯುತ್ತಿದ್ದ ಲಾರಿ ಡ್ರೈವರ್ ವಲಿ ಪಾಷಾ ಕೈ ಮಾಡಿ ಕರೆದ.

"ಅಕ್ಕೋರ, ನಾ ಮಾನ್ವಿಗೆ ಹೊಂಟೀನಿ. ಅಲ್ಲಿ ಅಕ್ಕಿ ಹೇರ್ಕೊಂಡು ರಾಯಚೂರ ಗಂಜ್ ಮಾರ್ಕೆಟ್ಟಿಗೆ ಹೋಗೂದು. ಬರ್ರಿ. ಆದ್ರ ನಿಮ್ಮ ನಾಯಿ ಕೊರಳಾಗಿಂದು ನೋಡಿದ್ರ ನನಗ ಅಂಜಿಕಿ ಆಗ್ತದ."

ಕೆಂಚನ ಕೊರಳಲ್ಲಿ ಇದ್ದದ್ದು ಕಬ್ಬಿಣದ ಮುಳ್ಳಿನ ಪಟ್ಟಿ. ತೋಳ ನಾಯಿಯ ಕೊರಳಿಗೇ ಬಾಯಿ ಹಾಕುತ್ತದೆ, ಅದಕ್ಕೇ ಕುರಿ ಕಾಯುವವರು ಅದನ್ನು ಕಟ್ಟುತ್ತಾರೆ. "ದಾರಿ ಮುಗಿಯೂತನ ಬಿಚ್ಚೂದಿಲ್ಲಪ್ಪ" ಎಂದಳು ಅವ್ವ. ವಲಿ ಪಾಷಾ ನಕ್ಕು ಹಿಂದಿನ ಬಾಗಿಲು ತೆರೆದ.

ಸಿರವಾರ ದಾಟಿ ಮಾನ್ವಿ ಮುಟ್ಟುವಷ್ಟರಲ್ಲಿ ಲಾರಿಯ ತಗಡು ಮುಟ್ಟಿದರೆ ಕೈ ಸುಡುತ್ತಿತ್ತು. ಅಕ್ಕಿ ಗಿರಣಿಯ ಅಂಗಳದಲ್ಲಿ ಬೇಯಿಸಿದ ಭತ್ತ ಒಣಹಾಕಿದ್ದರು. ಕೆಂಚ ಅದರ ಅಂಚನ್ನೂ ತುಳಿಯಲಿಲ್ಲ, ಆದರೂ ಗಿರಣಿಯ ಮುನೀಮ ನೆರಳಿನಲ್ಲಿ ಕೂತೇ ಕಲ್ಲು ಬೀಸಿದ. ಅವನ ಭತ್ತದ ಮೇಲೆ ಊರ ಗುಬ್ಬಿಗಳೆಲ್ಲ ಹಬ್ಬ ಮಾಡುತ್ತಿದ್ದವು, ಅದು ಅವನ ಕಣ್ಣಿಗೆ ಬೀಳಲಿಲ್ಲ. ಆ ಕಲ್ಲನ್ನು ಎತ್ತಿ ಅವನಿಗೇ ಬೀಸಬೇಕು ಅನ್ನಿಸಿತು. ಅವ್ವ ನನ್ನ ಸೆರಗು ಹಿಡಿದು ಕೂರಿಸಿದಳು. ಕೆಂಚ ಲಾರಿಯ ಅಡಿಗೆ ಹೋಗಿ ಮಲಗಿದ. ಹಮಾಲರು ಚೀಲ ಹೇರುವ ತನಕ ವಲಿ ಪಾಷಾ ಕೂಡ ಅಲ್ಲೇ, ಅವನಿಂದ ಒಂದು ಮಾರು ದೂರ ಬಿಟ್ಟು, ಟವೆಲ್ ಹಾಸಿಕೊಂಡು ಮಲಗಿದ.

ಇಳಿಹೊತ್ತಿಗೆ ರಾಯಚೂರು. ಗಂಜಿನ ಹತ್ತಿರ ಇಳಿದು ನಮ್ಮ ಓಣಿಯ ತನಕ ನಡೆದೆವು. ಓಣಿಯ ಬಾಯಲ್ಲಿ ಅವ್ವ ಗಂಟು ಕೆಳಗಿಟ್ಟು, ಕೆಂಚನ ಮುಂದೆ ಕುಕ್ಕರಗಾಲಲ್ಲಿ ಕೂತು, ಪಟ್ಟಿ ಬಿಚ್ಚಿದಳು.

"ಮಂದಿ ಇರೋ ಕಡಿ ಮುಳ್ಳು ಹಾಕಿಸ್ಕೊಂಡು ಹೋದ್ರ ಅವರನ್ನ ತೋಳ ಅಂದಂಗ ಆಗ್ತದ" ಎಂದಳು. "ನಾವು ಬಾಳಾಕ ಬಂದೀವಿ."

ನಮ್ಮವರ ಪದ್ಧತಿ ಅದು. ಅಡವಿಯಲ್ಲಿ ಪಟ್ಟಿ, ಊರಲ್ಲಿ ಬರಿಗೊರಳು. ಇದು ನಾಯಿಗೂ ಗೊತ್ತು. ಪಟ್ಟಿ ಇದ್ದಾಗ ಹತ್ತಿರ ಬಂದವರ ಕೈ ಕೀಳುವ ಕೆಂಚ, ಪಟ್ಟಿ ಬಿಚ್ಚಿದ ಮೇಲೆ ಯಾರಿಗೂ ಹಲ್ಲು ತೋರಿಸುವುದಿಲ್ಲ. ಮಕ್ಕಳು ಕಿವಿ ಜಗ್ಗಿದರೂ ಸುಮ್ಮನೆ ಕಣ್ಣು ಮುಚ್ಚುತ್ತಾನೆ.

ನಮ್ಮ ಮನೆ ಮಾಲಕ ಬೂದೆಪ್ಪ ಗಂಜಿನ ದಲಾಲಿ ಅಂಗಡಿಯೊಂದರಲ್ಲಿ ಗುಮಾಸ್ತನಾಗಿದ್ದು ಈಗ ಮನೆಯಲ್ಲಿದ್ದವನು. ಇಡೀ ದಿನ ಕಟ್ಟೆಯ ಮೇಲೆ ಕೂತು ಓಣಿಯವರ ಹುಳುಕು ಎಣಿಸುವುದೇ ಅವನ ಕಸುಬು. ಪರ್ಸಿ ಕಲ್ಲಿನ ಮಾಳಿಗೆಯ ಒಂದು ಖೋಲಿ ನಮಗೆ ಕೊಟ್ಟಿದ್ದ. ಸುಗ್ಗಿಯ ಒಲೆ ಕೂಡ ಅದರಷ್ಟು ಕಾಯುತ್ತಿರಲಿಲ್ಲ. ಮೊದಲ ದಿನ ನಾಯಿ ನೋಡಿ ಮೂಗು ಮುರಿದ. ಆಮೇಲೆ ಅವನಿಗೆ ರುಚಿ ಹತ್ತಿತು. ಕೆಂಚ ಓಣಿಯ ಬಾಯಿಗೆ ಅಡ್ಡ ಮಲಗಿದ್ದರಿಂದ ಬೂದೆಪ್ಪ ಬಾಗಿಲು ತೆರೆದಿಟ್ಟು, ಹೊರಸಿನ ಮೇಲೆ ಗೊರಕೆ ಹೊಡೆಯತೊಡಗಿದ. ಬಂದವರ ಮುಂದೆ ಮೀಸೆ ತಿರುವುತ್ತಿದ್ದ.

"ನಮ್ಮ ನಾಯಿ ಕುರುಬರ ನಾಯಿರಿ. ತೋಳ ಹೊಡದದ್ದು."

'ನಮ್ಮ ನಾಯಿ' ಅಂತೆ. ಒಂದು ದಿನ ತಂಗಳು ರೊಟ್ಟಿಯ ಚೂರು ಹಾಕಿದವನಲ್ಲ. ಅವನ ಹೆಂಡತಿ ಯಂಕಮ್ಮ ಒಳಗಿನಿಂದ ನಾಯಿಗೆ ಏನಾದರೂ ತಂದರೆ "ನೀ ಒಳಗ ಕುಂದ್ರ" ಎಂದು ಗದರುತ್ತಿದ್ದ. ಆ ಹೆಂಗಸು ಹಾಗೇ ಹೊಸ್ತಿಲಿನಿಂದ ಹಿಂದೆ ಸರಿಯುತ್ತಿದ್ದಳು. ಅವಳ ದನಿ ಹೇಗಿದೆ ಎಂದು ಕೂಡ ನನಗೆ ಗೊತ್ತಿರಲಿಲ್ಲ.

ಅವ್ವ ಮಾತ್ರ ಓಣಿಗೆ ಹೊಂದಿಕೊಳ್ಳಲು ಹೆಣಗಿದಳು. ಎದುರು ಮನೆಯ ಕುಬ್ರಾ ಬೇಗಂಗೆ ಕಂಬಳಿ ಹೊಲಿದು ಕೊಟ್ಟಳು, ಪಕ್ಕದವರ ಮಗುವಿನ ಹೊಟ್ಟೆನೋವಿಗೆ ಓಮ ಅರೆದಳು. ನಳದ ಹತ್ತಿರ ಕೊಡ ನೀರಿಗಾಗಿ ಕಚ್ಚಾಡುವ ಹೆಂಗಸರ ನಡುವೆ ಹೋಗಿ ತನ್ನ ಪಾಳಿಯನ್ನೇ ಬಿಟ್ಟುಕೊಟ್ಟು ಬರುತ್ತಿದ್ದಳು. ಇಷ್ಟು ಒಳ್ಳೆಯತನ ಪಟ್ಟಣಕ್ಕೆ ಜೀರ್ಣವಾಗುವುದಿಲ್ಲ ಎಂದು ನಾನು ಬೈಯುತ್ತಿದ್ದೆ. ಅವಳು ನಗುತ್ತಿದ್ದಳು.

ಜೂನ್ ಹತ್ತಿರ ಬಂದಿತ್ತು, ಬಿಸಿಲು ಇಳಿದಿರಲಿಲ್ಲ. ಆ ದಿನ ನಾನು ಶಾಲೆಯಲ್ಲಿ ಹಾಜರಾಗಿ ಮಧ್ಯಾಹ್ನ ಮನೆಗೆ ಬಂದೆ. ಅವ್ವ ತುಂಬಿದ ಕೊಡ ಅಂಗಳದಲ್ಲೇ ಇಟ್ಟು ಬಿಸಿಲಲ್ಲಿ ಕೂತಿದ್ದಳು. ಕೆಂಚ ಇರಲಿಲ್ಲ.

ಕುಬ್ರಾ ಬೇಗಂ ಪರದೆ ಸರಿಸಿ ಹೊರಗೆ ಬಂದಳು. ಅವಳ ಕಣ್ಣು ಕೆಂಪಾಗಿದ್ದವು.

"ನಾಯಿ ಹಿಡಿಯೋ ಗಾಡಿ ಬಂದಿತ್ತರಿ ಅಕ್ಕೋರ. ನಿಮ್ಮ ಅವ್ವ ಕರೆಮ್ಮಕ್ಕ ನಳಕ್ಕ ಹೋಗಿದ್ರು. 'ಹಮಾರೆ ಗಲ್ಲಿ ಕಾ ಕುತ್ತಾ ಹೈ' ಬೋಲಿ ಮೈ, ನಮ್ಮ ಓಣಿ ನಾಯಿ ಅಂತ ಪರದೆ ಹಿಂದಿನಿಂದ ಕೂಗಿ ಹೇಳಿದೆ. ಅವ್ರು ನನ್ನ ಮಾತು ಎಲ್ಲಿ ಕೇಳ್ತಾರ? ಕಟ್ಟಿ ಮ್ಯಾಲೆ ಕುಂತವರ್ನ ಕೇಳಿದ್ರು, ಇದು ಯಾರ್ದು ಅಂತ."

"ಏನಂದ?"

"ಯಾರ್ದೂ ಅಲ್ಲ ಅಂದ್ರು."

ನಾನು ಕಟ್ಟೆಯ ಕಡೆ ತಿರುಗಿದೆ. ಕಟ್ಟೆ ಖಾಲಿಯಿತ್ತು. ಬೂದೆಪ್ಪ ಒಳಗೆ ಸೇರಿಕೊಂಡಿದ್ದ. ಬಾಗಿಲು ಬಡಿದು ಅವನ ಕೊರಳಪಟ್ಟಿ ಹಿಡಿಯಬೇಕೆಂದು ಹೊರಟವಳನ್ನು ಅವ್ವ ತಡೆದಳು. "ಮೊದಲು ಕೆಂಚ" ಎಂದಳು. "ಹೆಂಗ ಹೋತು ಕೇಳು. ಕಚ್ಚಿತೇನು?"

"ಎಲ್ಲಿ ಕಚ್ಚಿತಕ್ಕಾ" ಎಂದಳು ಕುಬ್ರಾ ಬೇಗಂ. "ಬಾಲ ಅಳ್ಳಾಡಿಸ್ಕೋತ ಹೋತು."

ಅವ್ವ ಅಷ್ಟು ಹೊತ್ತು ತಡೆದದ್ದೆಲ್ಲ ಆಗ ಒಡೆಯಿತು.

ಊರಾಚೆ ಗೋಡೆ ಕಟ್ಟಿದ ಒಂದು ಬಯಲಿನಲ್ಲಿ ಹಿಡಿದ ನಾಯಿಗಳನ್ನು ಕೂಡಿಹಾಕಿದ್ದರು. ಅಲ್ಲಿಗೆ ಹೋಗುವ ತನಕ ಅವ್ವ ಚಪ್ಪಲಿ ಹಾಕಿಲ್ಲ ಎಂದು ನಾನು ನೋಡಿರಲಿಲ್ಲ. ಒಳಗೆ ಒಂದರ ಮೇಲೊಂದು ಬಿದ್ದ ನಾಯಿಗಳ ನಡುವೆ ಕೆಂಚ ನಾಲಗೆ ಚಾಚಿ ನಿಂತಿದ್ದ. ಕೊರಳಿನ ಸುತ್ತ ಹಗ್ಗ ಎಳೆದ ಗಾಯವಿತ್ತು. ಅವ್ವನನ್ನು ನೋಡಿ ಕುಂಯ್ ಎಂದ, ಅಷ್ಟೇ.

ಗಾಡಿಯವನ ಮೇಲೆ ಕೂಗಾಡಿದೆ. ಅವನು ಬೀಡಿ ಆರಿಸಿ, ಎದ್ದು ನಿಂತು ಹೇಳಿದ.

"ಕೊರಳಾಗ ಏನೂ ಇರಲಿಲ್ಲರಿ. ಬರಿಗೊರಳ ನಾಯಿ ಅಂದ್ರ ಬೀದಿ ನಾಯಿ. ಆದ್ರೂ ಕೇಳಿದ್ವಿ. ಮಾಲಕರು ಯಾರು, ಹೆಸರು ಹೇಳ್ರಿ ಅಂದ ಕೂಡ್ಲೆ ಆ ಯಜಮಾನ್ರು ಕೈ ಝಾಡಿಸಿಬಿಟ್ರು. ನಾ ಏನ್ ಮಾಡ್ಲಿ? ಸಂಜಿಗೆ ಬಂದಿದ್ರ ಇದು ಇರ್ತಿರಲಿಲ್ಲ."

ತನ್ನ ಹೆಸರು ಸರ್ಕಾರದವರ ಬಾಯಿಗೆ ಬೀಳಬಾರದು, ಅಷ್ಟೇ ಬೂದೆಪ್ಪನ ಅಂಜಿಕೆ. ಅಷ್ಟಕ್ಕೇ ಒಂದು ಜೀವ ಬಿಟ್ಟುಕೊಟ್ಟ. ನಾವು ಊರಿನವರನ್ನು ಮನುಷ್ಯರೆಂದು ನಂಬಿ ಪಟ್ಟಿ ಬಿಚ್ಚಿದೆವು, ಊರು ಅದನ್ನೇ ನಮ್ಮ ನಾಯಿಯ ತಪ್ಪು ಮಾಡಿತು.

ಗಾಡಿಯವ ಕೆಂಚನನ್ನು ಬಿಟ್ಟ. ಬಿಡುವಾಗ ಎಚ್ಚರಿಸಿದ: "ಈ ವಾರದಾಗ ಮತ್ತ ನಿಮ್ಮ ಓಣಿಗೆ ಬರೂದದ. ಕೊರಳಿಗೆ ಏನರ ಹಾಕ್ರಿ. ಇಲ್ಲಾಂದ್ರ ಓಣಿಯವರು ಯಾರರ 'ನಮ್ಮದು' ಅನ್ನಬೇಕು. ಇನ್ನೊಮ್ಮಿ ನಾ ಬಿಡೂದಿಲ್ಲ."

ಮನೆಗೆ ಬಂದು ನಾನು ಗಂಟಿನಿಂದ ಮುಳ್ಳಿನ ಪಟ್ಟಿ ಹುಡುಕಿ ತೆಗೆದೆ. ಕಟ್ಟಲು ಹೋದರೆ ಅವ್ವ ಕೈ ಅಡ್ಡ ಹಿಡಿದಳು.

"ಇದು ಕಟ್ಟಿದ್ರ ಕೆಂಚ ಯಾರ್ನೂ ಹತ್ರ ಬಿಡೂದಿಲ್ಲ. ಓಣಿ ಕೂಸುಗಳು ಓಡಿ ಬರ್ತಾವ, ಕೈ ಕಿತ್ತೀತು. ಆಮ್ಯಾಲೆ ಬಡದು ಕೊಲ್ತಾರ."

"ಹಂಗಾರ ಬರೇ ಚರ್ಮದ ಪಟ್ಟಿ ತರ್ತೀನಿ."

"ಪಟ್ಟಿ ಅಂದ್ರ ಪಟ್ಟಿ. ಚರ್ಮದ್ದು, ಕಬ್ಬಿಣದ್ದು ಅಂತ ಅದಕ್ಕೇನ್ ಗೊತ್ತು?"

"ಮತ್ತೇನ್ ಮಾಡ್ತಿ ಯವ್ವಾ? ಈ ಮಂದಿನ ನಂಬ್ಕೊಂಡು ಕುಂದರ್ತಿ?"

"ನಂಬಂಗಿಲ್ಲ. ಕೇಳ್ತೀನಿ" ಎಂದಳು ಅವ್ವ.

ಬೇರೆಯವರ ಹಿಂಡಿನ ಜೊತೆ ನಮ್ಮ ಹಿಂಡು ಕೂಡಿದಾಗ ಅಪ್ಪ ಒಂದು ಕೆಲಸ ಮಾಡುತ್ತಿದ್ದನಂತೆ. ನಾಯಿಯನ್ನು ಕರೆದುಕೊಂಡು ಹಟ್ಟಿಯ ಒಂದೊಂದೇ ಒಲೆಯ ಮುಂದೆ ನಿಲ್ಲುತ್ತಿದ್ದ. ಆ ಒಲೆಯ ಮನುಷ್ಯ ತನ್ನ ಕೈಯಿಂದ ತುತ್ತು ತಿನ್ನಿಸಬೇಕು. ತಿನ್ನಿಸಿದ ಮೇಲೆ ನಾಯಿ ಅವರ ಕುರಿಯನ್ನೂ ಕಾಯುತ್ತದೆ, ಅವರೂ ನಾಯಿಗೆ ಹೊಣೆ. ರಾಯಚೂರಿನ ಓಣಿಯಲ್ಲಿ ಇದನ್ನು ನಡೆಸುತ್ತೇನೆ ಎಂದಳು ಅವ್ವ. ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಇಲ್ಲಿ ಒಲೆಗಳೆಲ್ಲ ಗೋಡೆಯ ಒಳಗಿವೆ, ಯಾರು ಹೊರಗೆ ಬರುತ್ತಾರೆ?

ಕುಬ್ರಾ ಬೇಗಂ ಬಂದಳು. ಪರದೆಯನ್ನು ಬದಿಗೆ ಸರಿಸಿ, ಓಣಿಯ ನಡುವೆ ನಿಂತು, ರೊಟ್ಟಿ ಮುರಿದು ಕೆಂಚನ ಬಾಯಿಗಿಟ್ಟಳು. "ನಮ್ದು" ಎಂದಳು, ಈ ಸಲ ಎಲ್ಲರಿಗೂ ಕೇಳುವಂತೆ. ಓಮದ ನೀರು ಕುಡಿದ ಮಗುವಿನ ತಾಯಿ ಬಂದಳು. ನಳದ ಹತ್ತಿರ ಪಾಳಿ ಬಿಡಿಸಿಕೊಂಡವರು ತಲೆ ತಗ್ಗಿಸಿಕೊಂಡು ಬಂದರು. ಗಂಡಸರು ದೂರ ನಿಂತು ನೋಡಿದರು. 'ನಮ್ಮದು' ಎಂದು ಹೇಳಿಸದೆ ಅವ್ವ ಯಾರನ್ನೂ ಬಿಡಲಿಲ್ಲ.

ಕೊನೆಗೆ ಬೂದೆಪ್ಪನ ಬಾಗಿಲು. ಅವನು ಕಟ್ಟೆಗೆ ಬಂದು ಕೂತಿದ್ದ. ಏನೂ ಆಗದವನ ಹಾಗೆ ಅಡಕೆ ಕತ್ತರಿಸುತ್ತಿದ್ದ. ಅವ್ವ ಕೆಂಚನ ಜೊತೆ ಅವನ ಮುಂದೆ ನಿಂತಳು.

"ಒಂದು ತುತ್ತು ಕೊಡ್ರಿ, ಅಣ್ಣಾರ."

"ಅಲ್ಲವ್ವಾ, ಬಾಯಿ ತಪ್ಪಿ ಒಂದು ಮಾತು ಬಂತು. ನಾಯಿ ಸಿಕ್ತಲ್ಲ, ಇನ್ನ್ಯಾಕ ಎಳೀತಿ?"

"ಬಾಯಿ ತಪ್ಪಿ ಬಂದಿಲ್ಲ" ಎಂದೆ ನಾನು. "ಮಂದಿ ಮುಂದ ಮೀಸಿ ತಿರುವುವಾಗ ನಿಮ್ಮ ನಾಯಿ. ಗಾಡಿ ಬಂದಾಗ ಯಾರ್ದೂ ಅಲ್ಲ. ನಿಮಗ ನಾಚಿಕಿ ಆಗೂದಿಲ್ಲೇನ್ರಿ?"

"ಅಕ್ಕೋರ, ಬಾಡಿಗಿ ಮನ್ಯಾಗ ಅದೀರಿ. ನೋಡ್ಕೊಂಡು ಮಾತಾಡ್ರಿ. ಸರ್ಕಾರದ ಕೆಲಸದಾಗ ನಾ ತಲಿ ಹಾಕೂದಿಲ್ಲ. ಕಂಡ ನಾಯಿಗೆಲ್ಲ ರೊಟ್ಟಿ ಹಾಕಾಕ ಇದೇನು ಛತ್ರನ?"

ಅವ್ವ ಜಗಳ ಮಾಡಲಿಲ್ಲ, ಅಲುಗಲೂ ಇಲ್ಲ. ಬಿಸಿಲಲ್ಲಿ ನಿಂತೇ ಇದ್ದಳು. ಅವಳ ಅಂಗಾಲು ಸುಟ್ಟು ಬೊಬ್ಬೆ ಎದ್ದಿದ್ದವು, ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಿದ್ದಳು. ಓಣಿಯೆಲ್ಲ ಅವಳ ಹಿಂದೆ ನಿಂತಿತ್ತು. ಬೂದೆಪ್ಪನ ಅಡಕತ್ತು ನಿಂತುಹೋಯಿತು. ಎಲ್ಲಿ ನೋಡಬೇಕೆಂದು ಗೊತ್ತಾಗದೆ ಅವನು ನಾಯಿಯನ್ನು ನೋಡಿದ. ಕೆಂಚ ಬಾಲ ಆಡಿಸಿದ. ಅದನ್ನು ಕಂಡು ನನಗೆ ನಾಯಿಯ ಮೇಲೂ ಸಿಟ್ಟು ಬಂತು.

ಆಗ ಒಳಗಿನಿಂದ ಯಂಕಮ್ಮ ಬಂದಳು. ಕೈಯಲ್ಲಿ ಆಗಷ್ಟೇ ಬಡಿದ ಬಿಸಿ ಜೋಳದ ರೊಟ್ಟಿ ಇತ್ತು.

"ನೀ ಒಳಗ ಕುಂದ್ರ" ಎಂದ ಬೂದೆಪ್ಪ.

ಅವಳು ಹೊಸ್ತಿಲು ದಾಟಿದಳು, ಕಟ್ಟೆ ಇಳಿದಳು. ರೊಟ್ಟಿಯನ್ನು ಮುರಿದು, ಊದಿ ಆರಿಸಿ, ಕೆಂಚನ ಬಾಯಿಗೆ ಕೊಟ್ಟಳು. ಅವನು ತಿಂದು ಮುಗಿಸುವ ತನಕ ಗಾಯವಿದ್ದ ಕೊರಳಿನ ಮೇಲೆ ಕೈ ಇಟ್ಟುಕೊಂಡೇ ಇದ್ದಳು. ಆಮೇಲೆ ಗಂಡನ ಕಡೆ ತಿರುಗಿದಳು. ಅವಳ ದನಿ ನಾನು ಅಂದುಕೊಂಡಷ್ಟು ಸಣ್ಣದಾಗಿರಲಿಲ್ಲ.

"ಗಾಡಿ ಮತ್ತ ಬರ್ತದಂತ. ಬಂದಾಗ ನಾ ಹೊರಗ ನಿಂತು ಹೇಳ್ತೀನಿ, ನಮ್ಮದು ಅಂತ. ನನ್ನ ಹೆಸರು ಹೇಳ್ತೀನಿ. ಅವತ್ತು ನೀವು ಒಳಗ ಕುಂದರ್ರಿ."

ಬೂದೆಪ್ಪ ಅಡಕತ್ತು ಅಲ್ಲೇ ಬಿಟ್ಟು ಎದ್ದು ಒಳಗೆ ಹೋದ.