ಎರಡು ದಿನ ಮುಂದಕ್ಕೆ

ಆ ಗುರುವಾರ ಡುಲ್ಸಿನ್‌ಗೆ ಡ್ಯೂಟಿ ಇರಲಿಲ್ಲ. ಬೆಳಿಗ್ಗೆಯಿಂದ ಅವಳು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಇಂಗ್ಲೆಂಡಿನಲ್ಲಿ ನರ್ಸ್ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಶನಿವಾರ ಇದ್ದ ಇಂಟರ್‌ವ್ಯೂ ಎರಡು ದಿನ ‘ಬ್ರಾಟ್ ಫಾರ್ವರ್ಡ್’ ಆಗಿದೆ ಎಂದು ಮೊನ್ನೆ ಪತ್ರ ಬಂದಿತ್ತು. ಹಾಗಾದರೆ ಸೋಮವಾರ. ಅಲ್ಲಿಯವರೆಗೆ ದಿನ ದೂಡುವುದು ಹೇಗೆಂದು ತಿಳಿಯದೆ, ಜೆಪ್ಪುವಿನಲ್ಲಿ ಪಕ್ಕದ ಮನೆಯವರಾದ ಯೂಸ್ಟೇಸ್ ಮಾಸ್ಟ್ರ ಜಗಲಿಗೆ ಹೋದಳು.

ಹೈಸ್ಕೂಲಿನಿಂದ ನಿವೃತ್ತರಾದ ಮಾಸ್ಟ್ರು ವಾರದಿಂದ ಅವಳಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದರು. ‘ಹರಿ ಅಪ್’ ಅಂದರೆ ಮೇಲೆ ಹತ್ತುವುದಲ್ಲ, ಬೇಗ ಮಾಡು. ‘ಪ್ರೆಸ್ ಆನ್’ ಅಂದರೆ ಒತ್ತುವುದಲ್ಲ, ಕಷ್ಟವಾದರೂ ನಿಲ್ಲದೆ ಸಾಗು.

“ಸರ್, ಬ್ರಿಂಗ್ ಫಾರ್ವರ್ಡ್ ಅಂದ್ರೆ ಮುಂದೆ ಹಾಕುವುದಲ್ವಾ? ನನ್ನ ಇಂಟರ್‌ವ್ಯೂ ಸೋಮವಾರಕ್ಕೆ ಹೋಯ್ತು.”

ಮಾಸ್ಟ್ರು ಕನ್ನಡಕ ತೆಗೆದರು. “ಮುಂದೆ ಹಾಕುವುದು ಪುಟ್ ಆಫ್. ಇದು ಮೊದಲೇ ಮಾಡುವುದು. ಶನಿವಾರದ್ದು ಇವತ್ತಿಗೆ ಬಂತಲ್ಲ ಮಾರಾಯ್ತಿ! ಎಷ್ಟು ಗಂಟೆಗೆ ಉಂಟು?”

“ಹತ್ತಕ್ಕೆ.”

ಗೋಡೆಯ ಗಡಿಯಾರದಲ್ಲಿ ಆಗಲೇ ಹನ್ನೊಂದು ಹೊಡೆದಿತ್ತು.

ಸೀರೆ ಬದಲಿಸಲೂ ನಿಲ್ಲದೆ ಅವಳು ಮನೆಯಿಂದ ಸರ್ಟಿಫಿಕೇಟುಗಳನ್ನು ಬಾಚಿಕೊಂಡು ಬಸ್ಸು ಹತ್ತಿದಳು. ಹಂಚು ಹೇರಿದ ಗಾಡಿಗಳು ರಸ್ತೆಗೆ ಅಡ್ಡ ನಿಂತಿದ್ದವು. ಡ್ರೈವರ್ ಹಾರ್ನ್ ಹೊಡೆದದ್ದೇ ಬಂತು. ಡುಲ್ಸಿನ್ ಇಳಿದು, ಇಂಟರ್‌ವ್ಯೂ ಇದ್ದ ಹಂಪನಕಟ್ಟೆಯ ಲಾಡ್ಜಿನವರೆಗೂ ಓಡಿದಳು.

ಕೋಣೆಯಲ್ಲಿ, ಇಂಟರ್‌ವ್ಯೂ ಮಾಡಲು ಇಂಗ್ಲೆಂಡಿನಿಂದ ಬಂದಿದ್ದ ಮೇಟ್ರನ್ ಪೆಟ್ಟಿಗೆ ಮುಚ್ಚುತ್ತಿದ್ದರು. ಡುಲ್ಸಿನ್ ಏದುಸಿರಿನಲ್ಲೇ, ತಡವರಿಸುವ ಇಂಗ್ಲಿಷಿನಲ್ಲಿ ನಡೆದದ್ದನ್ನು ಹೇಳಿದಳು. ನಮ್ಮ ಭಾಷೆಯಲ್ಲಿ ಮುಂದೆ ಹಾಕಿದರೆ ತಡವಾಗುತ್ತದೆ, ನಿಮ್ಮದರಲ್ಲಿ ಬೇಗ ಆಗುತ್ತದೆ.

“ವಾರ್ಡಿನಲ್ಲೂ ಹೀಗೆ ತಪ್ಪು ತಿಳಿದರೆ ರೋಗಿಯ ಗತಿ?” ಎಂದರು ಮೇಟ್ರನ್.

“ಗೊತ್ತಿಲ್ಲದಿದ್ದರೆ ಕೇಳುತ್ತೇನೆ ಮೇಡಂ. ಈ ಸಲ ಗೊತ್ತಿದೆ ಅಂದುಕೊಂಡೆ.”

ಮೇಟ್ರನ್ ಕೈಗಡಿಯಾರ ನೋಡಿದರು. ವಿಮಾನಕ್ಕೆ ಹೊತ್ತಾಗಿತ್ತು. “ಗೋ ಆನ್,” ಎಂದರು.

‘ಗೋ’ ಎಂದದ್ದೇ ಡುಲ್ಸಿನ್ ಬಾಗಿಲ ಕಡೆ ತಿರುಗಿದಳು. ಎರಡು ಹೆಜ್ಜೆ ಇಟ್ಟವಳು, ಕೊನೆಯ ‘ಆನ್’ ನೆನಪಾಗಿ ನಿಂತಳು. “ಮೇಡಂ, ನಾನು ಹೋಗಬೇಕಾ, ಮಾತಾಡಬೇಕಾ?”

ಮೇಟ್ರನ್ ನಕ್ಕುಬಿಟ್ಟರು. ಕುರ್ಚಿ ತೋರಿಸಿದರು.

ಇಂಗ್ಲೆಂಡಿಗೆ ಹೋಗುವ ನರ್ಸ್‌ಗಳ ಮೊದಲ ತಂಡ ಆಗಲೇ ತುಂಬಿತ್ತು. ಎರಡನೆಯ ತಂಡದಲ್ಲಿ ಅವಳ ಹೆಸರಿದೆಯೆಂಬ ಪತ್ರ ತಿಂಗಳು ಕಳೆದು ಬಂತು. ಹೊರಡಲು ಇನ್ನೂ ಏಳು ತಿಂಗಳು. ಅಷ್ಟರಲ್ಲಿ ಅವಳು ಟ್ರಂಕನ್ನು ಎಷ್ಟು ಸಲ ತುಂಬಿದಳೋ, ಎಷ್ಟು ಸಲ ಬರಿದು ಮಾಡಿದಳೋ.